ಅಡವಿಯಪ್ಪನ ಸೀಟಿ

ಮಟಮಟ ಮಧ್ಯಾಹ್ನ ಗುಬ್ಬಿಯ ಪೇಟೆಬೀದಿಯಲ್ಲಿ ಸೀಟಿ ಕೇಳಿತು. ಸೀಟಿ ಕೇಳಿದರೆ ಮನೆಗೊಬ್ಬರು ಓಡಬೇಕೆಂಬುದು ಬೀದಿಯ ಕಾವಲು ಪಡೆಯ ಕಟ್ಟಳೆ. ಎಲ್ಲರೂ ಓಡಿದರು. ಸದಾಶಿವಯ್ಯ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಹೋದ ವಾರ ಸಬ್‌ಇನ್‌ಸ್ಪೆಕ್ಟರು ಬಂದು ಪಡೆ ಕಟ್ಟಿದಾಗ ಅವನು ಕೊರಳು ಮುಂದೆ ಮಾಡಿಕೊಂಡೇ ನಿಂತಿದ್ದ. ಪಡೆಯ ಮುಂದಾಳಿನ ಸೀಟಿ ಹೋಗಿ ಬಿದ್ದದ್ದು ಪಕ್ಕದ ಮನೆ ಅಡವಿಯಪ್ಪನ ಕೊರಳಿಗೆ. ಅಂದಿನಿಂದ ಸದಾಶಿವಯ್ಯನ ಹೊಟ್ಟೆಯೊಳಗಿನ ಒಲೆ ಆರಿರಲಿಲ್ಲ.

"ಏಳ್ರೀ, ಊದ್ತಾವ್ರೆ," ಎಂದಳು ಹೆಂಡತಿ ಶಕುಂತಲಮ್ಮ.

"ಊದ್ಲಿ ಬುಡೇ. ಗಂಟೆ ಕಟ್ಟಿದ ಬಸವಣ್ಣ, ಕತ್ತು ಅಲ್ಲಾಡಿಸ್ದೆ ಇರ್ತಾನಾ?"

ಶಕುಂತಲಮ್ಮ ಬೀದಿಗೆ ಇಣುಕಿ, ಓಡುತ್ತಿದ್ದವರನ್ನು ಕೇಳಿ ಒಳಗೆ ಓಡಿಬಂದಳು. "ಅಯ್ಯೋ, ನಮ್ಮ ಕೊಬ್ಬರಿ ಮಂಡಿ ಬೀಗಾನೇ ಒಡೆದವ್ರಂತೆ ಕಣ್ರೀ!"

ಸದಾಶಿವಯ್ಯ ಬರಿಗಾಲಲ್ಲೇ ಬೀದಿಗೆ ಹಾರಿ ಗಂಟಲು ಹರಿಯುವಂತೆ ಕೂಗಿದ:

"ಅಡವಿಯಪ್ಪಣ್ಣಾ, ನಿಲ್ಲಿಸ್ಬೇಡ, ಊದಣ್ಣಾ!"