ಹೋಗಿ ಬಾ

"ಲಕ್ಷ ಸಲ ಹಾರಿಸಿದ್ರೆ ಕೆಡೋದು ಒಂದೇ ಸಲ ಅಂತೀರಲ್ರೀ ನಂಜುಂಡ, ನಿಜಾನಾ?" ಎಂದರು ಮೇಲಧಿಕಾರಿ.

"ಲೆಕ್ಕ ಹಾಕಿರೋನು ನಾನು ಸಾರ್. ಗ್ರಹಚಾರ, ಶಕುನ ಯಾವುದಕ್ಕೂ ಇದ್ರಲ್ಲಿ ಜಾಗ ಇಲ್ಲ," ಎಂದು ನಂಜುಂಡ ಎದೆಯುಬ್ಬಿಸಿದ. ರಾಕೆಟ್ ಕೆಡುವ ಸಂಭವ ಎಷ್ಟೆಂದು ಹೇಳುವುದೇ ಅವನ ಕೆಲಸ. ಅವನ ಅಂಕಿಯನ್ನು ನಂಬಿ ಹಾರಲಿರುವ ಮೊದಲ ರಾಕೆಟ್ ಇದು. ಬಿದ್ದರೆ ಆಮೇಲೆ ಅವನ ಮಾತನ್ನು ಮನೆಯ ಬೆಕ್ಕೂ ಕೇಳುವುದಿಲ್ಲ.

ಉದ್ದನೆಯ ಗಾಡಿಯ ಮೇಲೆ ಮಲಗಿದ್ದ ರಾಕೆಟ್ ಶೆಡ್ಡಿನಿಂದ ಉಡಾವಣಾ ವೇದಿಕೆಗೆ ಹೊರಟಿತ್ತು. ಆರತಿ ಎತ್ತಲು ನಂಜುಂಡನ ತಾಯಿ ದೇವೀರಮ್ಮನನ್ನೇ ಕರೆಸಿದ್ದರು. ಆಕೆ ಆರತಿ ಬೆಳಗಿ, ಕಣ್ಣು ತುಂಬಿಕೊಂಡು, ಹೊರಟ ಗಾಡಿಯತ್ತ ಕೈಯೆತ್ತಿ ಹರಸಿದರು:

"ಹೋಗಿ ಬಾ ನನ್ನಪ್ಪ."

ನಂಜುಂಡ ಚಿಟ್ಟನೆ ಚೀರಿದ. "ಅವ್ವಾ! ಬಾ ಅನ್ಬೇಡ ಕಣವ್ವ! ಅದು ವಾಪಸ್ ಬಂದ್ರೆ ಕೆಟ್ಟಂಗೇ! ಬರೀ ಹೋಗು ಅನ್ನು!"

"ಥೂ, ಬಿಡ್ತು ಅನ್ನು! ಹೊರಟೋರಿಗೆ ಹೋಗು ಅಂತಾರೇನ್ಲಾ?"

ಮೇಲಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ, ಶಕುನಕ್ಕೆ ಜಾಗ ಇಲ್ಲ ಅಂದ್ರಿ?"

"ಇಲ್ಲ ಸಾರ್," ನಂಜುಂಡ ತಲೆ ಕೆರೆದುಕೊಂಡ. "ಆದ್ರೆ ನಮ್ಮವ್ವ ಅಂದಿದ್ದು ಇವತ್ತಿನವರೆಗೂ ಸುಳ್ಳಾಗಿಲ್ಲ."

ಮೇಲಧಿಕಾರಿಯ ನಗು ಅಲ್ಲಿಗೇ ನಿಂತಿತು. ಅವರು ಡ್ರೈವರನ ಕಡೆ ಕೈ ಬೀಸಿ ಕೂಗಿದರು. "ರಿವರ್ಸ್ ತಗೊಳ್ಳಪ್ಪ! ಅಮ್ಮ ಇನ್ನೊಂದ್ಸಲ ಹರಸಲಿ!"

ಬಾಗಿಲು ದಾಟಿ ಹೋಗಿದ್ದ ರಾಕೆಟ್ ಮೆಲ್ಲಗೆ ವಾಪಸ್ ಬಂತು.