ನೂಲಿನ ‘ಅ’

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ಎಣಿಸತೊಡಗುತ್ತವೆ.

ಬೆಟಗೇರಿಯ ಮನೆಯಲ್ಲಿ, ಮಗ್ಗದ ಪಕ್ಕ, ಸೋದರತ್ತೆ ತುಂಡು ನೂಲನ್ನು ನೆಲದ ಮೇಲೆ ಬಾಗಿಸಿ ‘ಅ’ ಮಾಡುತ್ತಿದ್ದಳು. ನಾನು ಅದರ ಗುಂಟ ಹುಣಸೆಬೀಜ ಜೋಡಿಸುತ್ತಿದ್ದೆ. “ನೂರರತನಕ ತಪ್ಪದ ಎಣಿಸು, ಶಾಲಿಗಿ ಹಚ್ತೀನಿ” ಎಂದು ಮಾತು ಕೊಟ್ಟಿದ್ದಳು.

ಆ ಮಧ್ಯಾಹ್ನ ನೂರೂ ಬೀಜ ತಪ್ಪದೆ ಎಣಿಸಿದೆ. ಅತ್ತೆ ನನ್ನ ಗಲ್ಲ ಹಿಂಡಿ, ಮಗ್ಗದಲ್ಲಿ ಕುಳಿತಿದ್ದ ಅಪ್ಪನಿಗೆ ಕೂಗಿ ಹೇಳಿದಳು: “ಅಣ್ಣಾ, ಇಕಿಗಿ ಎಣಿಕಿ ಬಂತು ನೋಡೋ!”

“ಭೇಷ್! ನಾಳಿಂದ ಮಗ್ಗಕ್ಕ ಹಾಸಿನ ನೂಲಿನ ಎಳಿ ಎಣಿಸಾಕ ಕುಂಡ್ರಸು” ಅಂದರು ಅಪ್ಪ.

“ಮತ್ತ ಶಾಲಿ?” ಎಂದೆ.

“ಎಣಿಸಾಕ ಬಂತಲ್ಲ ಶ್ಯಾಣ್ಯಾಕಿ, ಇನ್ನ ಶಾಲಿ ಯಾಕ ಬೇಕು?” ಎಂದಳು ಅತ್ತೆ. ನನ್ನ ಮುಖ ನೋಡಲಿಲ್ಲ. ನೆಲದ ಮೇಲಿನ ‘ಅ’ವನ್ನು ಎಳೆದು, ಬೆರಳಿಗೆ ಸುತ್ತಿ ಉಂಡೆ ಮಾಡಿದಳು.