ಸ್ಟೇರಿಂಗ್ ಬಿಟ್ಟ ಕೈಗಳು

“ಎರಡೂ ಕೈ ಎಲ್ಲಿದ್ದವು?” ಶೈಲಾ ಮತ್ತೆ ಕೇಳಿದಳು.

ಡ್ರೈವರ್ ಮೊಹಸಿನ ನೆಲ ನೋಡುತ್ತ ಕೂತಿದ್ದ. ಅವನ ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಅವನು ಓಡಿಸುತ್ತಿದ್ದ ಖಾಸಗಿ ಬಸ್ಸು ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವಾಗ ಎಮ್ಮಿಹಳ್ಳದ ತಿರುವಿನಲ್ಲಿ ರಸ್ತೆ ಬಿಟ್ಟು ಉರುಳಿತ್ತು. ಮುಂಡರಗಿಯ ಶಾಲೆಗೆ ಹೊರಟಿದ್ದ ಸೀಮಾ ಟೀಚರು ಅಲ್ಲೇ ಸತ್ತಿದ್ದಳು. ಉಳಿದವರು ಕೈಕಾಲು ಮುರಿದುಕೊಂಡು ಬದುಕಿದ್ದರು.

ಅಪಘಾತ ಹೇಗಾಯಿತೆಂದು ಪತ್ತೆ ಮಾಡಿ, ಮತ್ತೆ ಆಗದಂತೆ ಏನು ಮಾಡಬೇಕೆಂದು ಸರಕಾರಕ್ಕೆ ಶಿಫಾರಸು ಮಾಡುವುದು ಶೈಲಾಳ ಕೆಲಸ. ಬರೆದೂ ಬರೆದೂ ಅವಳಿಗೆ ಸಾಕುಸಾಕಾಗಿತ್ತು. ಇಲ್ಲಿ ಫಲಕ ಹಾಕಿ, ಅಲ್ಲಿ ಕಿತ್ತುಹೋದ ರಸ್ತೆಯಂಚು ಕಟ್ಟಿ ಎಂದು ಅವಳು ಬರೆದದ್ದೆಲ್ಲ ಮೇಲಿನವರ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಎಮ್ಮಿಹಳ್ಳದ ಅಂಚಿನ ಬಗ್ಗೆಯೂ ಬರೆದಿದ್ದಳು, ವೀರು ಎಂಬವನು ಅಲ್ಲಿ ಬೈಕಿನಿಂದ ಬಿದ್ದು ಸತ್ತಾಗ. ಯಾರೂ ಕ್ಯಾರೇ ಅನ್ನಲಿಲ್ಲ. ನಿವೃತ್ತಿಯೊಳಗೆ ತನ್ನದೊಂದು ಮಾತಾದರೂ ನಿಯಮವಾಗಲಿ, ಅದರಿಂದ ಒಂದು ಜೀವವಾದರೂ ಉಳಿಯಲಿ ಎಂಬುದೊಂದೇ ಅವಳ ಆಸೆ. ದೊಡ್ಡ ಆಸೆಗಳೆಲ್ಲ ಎಂದೋ ಬತ್ತಿಹೋಗಿದ್ದವು.

ಈ ಸಲದ ಲೆಕ್ಕ ಮಾತ್ರ ಸರಳವಾಗಿತ್ತು. ಬ್ರೇಕು ಸರಿಯಿತ್ತು. ಟೈರು ಸರಿಯಿದ್ದವು. ಎಡಗಾಲಿ ಕಿತ್ತುಹೋದ ಅಂಚಿನಿಂದ ಜಾರಿತ್ತು. ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಎಳೆದಿದ್ದರೂ ಬಸ್ಸು ಉಳಿಯುತ್ತಿತ್ತು. ಎಳೆಯಲು ಅಲ್ಲಿ ಕೈಗಳೇ ಇರಲಿಲ್ಲ.

ಅದನ್ನು ಹೇಳಿದವಳು ಶಿಗ್ಲಿಯ ನೀಲಗಂಗವ್ವ. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದವಳು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಕೂತೇ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು.

“ಎರಡೂ ಕೈ ಬಿಟ್ಟಿದ್ದರಿ. ತಲಿ ತಗ್ಗಿಸಿ ಅಂಗೈ ನೋಡಾಕತ್ತಿದ್ದ. ತುಟಿ ಅಲುಗಾಡತಿದ್ದವು. ಯಾರ ಕೂಡನೋ ಮಾತಾಡಿದಂಗ.”

ಮೊಹಸಿನನ ಫೋನು ಕ್ಲಚ್ಚಿನ ಕೆಳಗೆ ಒಡೆದು ಬಿದ್ದಿತ್ತು. ಆ ಹೊತ್ತಿಗೆ ಯಾವ ಕರೆಯೂ ದಾಖಲಾಗಿರಲಿಲ್ಲ. ಆದರೆ ಇಂಟರ್ನೆಟ್ಟಿನ ವೀಡಿಯೋ ಕರೆಗಳು ಆ ದಾಖಲೆಯಲ್ಲಿ ಎಲ್ಲಿ ಬರುತ್ತವೆ?

ಆದರೂ ಶೈಲಾ ಅರೆಮನಸ್ಸಿನ ಕೆಲಸ ಮಾಡುವವಳಲ್ಲ. ತಿರುವಿನಲ್ಲಿ ವೀರುವಿನ ತಾಯಿ ಮಗನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದ್ದಳು, ಕುಂಕುಮ, ಹೂವು ಎಲ್ಲ ಇತ್ತು. ಹಾದುಹೋಗುವ ಡ್ರೈವರುಗಳು ಅದಕ್ಕೆ ನಮಸ್ಕಾರ ಮಾಡುತ್ತಾರೆಂದು ಶೈಲಾಳಿಗೆ ಗೊತ್ತಿತ್ತು. ನೀನೂ ಅದಕ್ಕೆ ಕೈ ಮುಗಿಯಲು ಹೋಗಿದ್ದೆಯಾ ಎಂದು ಕೇಳಿಬಿಟ್ಟಳು.

“ನಾವು ಕಲ್ಲಿಗೆ ಕೈ ಮುಗಿಯಂಗಿಲ್ಲರಿ ಮೇಡಂ,” ಅಂದ ಮೊಹಸಿನ.

ಅದೂ ಖರೆಯೇ. ಶೈಲಾಳಿಗೆ ಕೇಳಿದ್ದಕ್ಕೆ ನಾಚಿಕೆಯಾಯಿತು. ಆ ಅನುಮಾನವನ್ನು ಅಲ್ಲಿಗೇ ಬಿಟ್ಟಳು.

ಅವನು ತಲೆ ಎತ್ತಿದ್ದು ಆಗಲೇ. ಯಾವುದರಿಂದ ಬಸ್ಸು ಬಿತ್ತು ಅಂತ ಗೊತ್ತಾದರೆ ಮುಂದೇನು ಮಾಡುತ್ತೀರಿ ಎಂದು ಕೇಳಿದ. ಅದು ಏನೇ ಇರಲಿ, ಮತ್ತೊಬ್ಬರ ಜೀವ ತೆಗೆಯದಂತೆ ಆ ರಸ್ತೆಯಿಂದ ಅದನ್ನು ತೆಗೆಸುವುದೇ ನಮ್ಮ ಕೆಲಸ ಎಂದಳು ಶೈಲಾ. ಇಷ್ಟು ವರ್ಷ ಏನನ್ನೂ ತೆಗೆಸಲಾಗದವಳು ಅದನ್ನು ಸ್ವಲ್ಪ ಜೋರಾಗಿಯೇ ಹೇಳಿದಳು.

ಮೊಹಸಿನ ಮತ್ತೆ ನೆಲದತ್ತ ಕಣ್ಣಿಳಿಸಿದ. “ಹಂಗಾದ್ರ ಫೋನ ಅಂತನ ಬರಕೋರಿ,” ಅಂದ.

ಅವಳು ಬರೆದುಕೊಂಡಳು. ಒಳಗೊಳಗೇ ಸಿಟ್ಟು ಬಂತು. ಯಾರೊಂದಿಗೋ ಹರಟಲು ಹೋಗಿ ಪಾಪದ ಹುಡುಗಿಯ ಜೀವ ತೆಗೆದನಲ್ಲ ಎನಿಸಿತು.

ಆಮೇಲೆ ನಡೆದದ್ದು ಅವಳೇ ನಂಬದಂಥದ್ದು. ಸೀಮಾಳ ಫೋಟೋ ಪತ್ರಿಕೆಗಳಲ್ಲಿ ಬಂತು, ಜನ ರೊಚ್ಚಿಗೆದ್ದರು, ಮೇಲಿನವರು ಕಪಾಟು ತೆರೆದರು. ಡ್ರೈವರುಗಳು ಬಸ್ಸು ಹತ್ತುವ ಮೊದಲು ಫೋನನ್ನು ಕಂಡಕ್ಟರನ ಚೀಲಕ್ಕೆ ಒಪ್ಪಿಸಬೇಕೆಂದು ಇಡೀ ಜಿಲ್ಲೆಗೆ ಆದೇಶ ಹೊರಟಿತು. ಗದಗ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲ ನಿಲ್ದಾಣಗಳಲ್ಲೂ ಅಂಟಿಸಿದರು. ರಸ್ತೆಯಂಚು ಕಟ್ಟುವ ಶಿಫಾರಸು ಮಾತ್ರ ಮತ್ತೆ ಕಪಾಟಿಗೇ ಹೋಯಿತು. ಮೊಹಸಿನನ ಲೈಸೆನ್ಸ್ ರದ್ದಾಯಿತು. ಅವನೀಗ ಬೆಟಗೇರಿಯ ಗೋದಾಮೊಂದರಲ್ಲಿ ಮೂಟೆ ಹೊರುತ್ತಾನೆಂದು ಯಾರೋ ಹೇಳಿದರು. ಶೈಲಾಳಿಗೆ ಅಯ್ಯೋ ಅನಿಸಿತು, ಆದರೆ ಆ ರಾತ್ರಿ ವರ್ಷಗಳ ನಂತರ ಕಣ್ತುಂಬ ನಿದ್ದೆ ಬಂತು.

ಆದೇಶ ಹೇಗೆ ಜಾರಿಯಾಗಿದೆ ಎಂದು ನೋಡಲು ಒಂದು ಮುಂಜಾನೆ ಅವಳೇ ಬಸ್ಸು ಹತ್ತಿದಳು. ಫೋನು ಚೀಲ ಸೇರಿದ್ದನ್ನು ಕಣ್ಣಾರೆ ಕಂಡಳು. ಎಮ್ಮಿಹಳ್ಳದಲ್ಲಿ ಇಳಿದಳು. ದೂರದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಕಲ್ಲಿನ ಮುಂದೆ ಮುದುಕಿಯೊಬ್ಬಳು ಕಸ ಗುಡಿಸುತ್ತಿದ್ದಳು. ವೀರುವಿನ ತಾಯಿ ಸಾವಿತ್ರೆವ್ವ. ಇಷ್ಟು ಸಲ ಬಂದರೂ ಶೈಲಾ ಅವಳನ್ನು ಕಂಡಿರಲಿಲ್ಲ. ಅವಳು ಬರುತ್ತಿದ್ದುದು ಮುಂಜಾನೆ, ಶೈಲಾ ಬರುತ್ತಿದ್ದುದು ಮಧ್ಯಾಹ್ನ.

ಇಬ್ಬರೂ ನೆರಳಿಗೆ ಕೂತರು. ಇನ್ನು ಇಲ್ಲಿ ಯಾವ ಡ್ರೈವರನೂ ಫೋನು ಹಿಡಿಯುವಂತಿಲ್ಲ, ಹೆದರಬೇಡ ಎಂದು ಶೈಲಾ ಸಮಾಧಾನ ಹೇಳಿದಳು. ಮುದುಕಿಗೆ ಬೇಕಾದದ್ದು ಬೇರೆ. ಮೊಹಸಿನ ಯಾಕೆ ಈ ದಾರಿಗೆ ಬರುತ್ತಿಲ್ಲ ಎಂದು ಕೇಳಿದಳು. ಇನ್ನು ಬರುವುದಿಲ್ಲ ಎಂದಳು ಶೈಲಾ. ಸಾವಿತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಉಳಿದ ಡ್ರೈವರು ಒಂದ ಕೈ ಎದಿಗೆ ಮುಟ್ಟಿಸಿ ಹೋಗ್ತಾರರಿ. ಮೊಹಸಿನ ಹಂಗಲ್ಲ, ನನ್ನ ವೀರೂನ ಕೂಡ ಒಂದ ಬಸ್ಸಿನಾಗ ದುಡದಾಂವ, ದಿನಾ ಇಲ್ಲಿ ಬಂದ ಕೂಡ್ಲೆ ಎರಡೂ ಅಂಗೈ ತೆರೆದು ಹಿಡಿದು, ತಲಿ ತಗ್ಗಿಸಿ, ನನ್ನ ಮಗನ ಸಲುವಾಗಿ ದುವಾ ಓದತಿದ್ದ.”